ಮಲ್ಟಿಗನ್ ಪಂದ್ಯಕ್ಕೆ ವೇರಿಯಬಲ್ ಸ್ಕೋಪ್: ಮೊದಲು 1 ಪವರ್ ನೋಡಿ, 6 ಆಮೇಲೆ

ಅಮೆರಿಕದಲ್ಲಿ ತ್ರೀ-ಗನ್ ಎಂದೂ ಕರೆಯುವ ಮಲ್ಟಿಗನ್ ಪಂದ್ಯದಲ್ಲಿ ರೈಫಲ್, ಪಿಸ್ತೂಲು, ಶಾಟ್‌ಗನ್ ಮೂರೂ ಒಂದೇ ಸ್ಟೇಜಿನಲ್ಲಿ, ಅಂದರೆ ಸಮಯ ಅಳೆಯುವ ಒಂದು ಸುತ್ತಿನಲ್ಲಿ, ಕೈಗೆ ಬರಬಹುದು. ರೈಫಲ್ ಪಾಲಿನ ಗುರಿಗಳು 5 ಗಜ ದೂರದ ರಟ್ಟಿನಿಂದ 300 ಗಜದಾಚೆಯ ಉಕ್ಕಿನ ಪ್ಲೇಟಿನವರೆಗೆ ಹರಡಿರುತ್ತವೆ. ನ್ಯೂ ಮೆಕ್ಸಿಕೊದ ರಾಟನ್‌ನಂಥ ವಿಶಾಲ ರೇಂಜುಗಳಲ್ಲಿ 500 ಗಜ ದಾಟುವುದೂ ಉಂಟು. ಹತ್ತಿರದ್ದು, ದೂರದ್ದು ಎರಡನ್ನೂ ಒಂದೇ ಕೊಳವೆಯಲ್ಲಿ ನೋಡಬೇಕಾದ್ದರಿಂದಲೇ ಪವರ್ (ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಂಕಿ) ಬದಲಿಸಬಲ್ಲ 1-4, 1-6, 1-8, 1-10 ಪವರ್‌ನ ಸ್ಕೋಪುಗಳು ಈ ಆಟದಲ್ಲಿ ನೆಲೆಯೂರಿದವು.

ಕೊಳ್ಳುವವರ ಕಣ್ಣು ಹೋಗುವುದು ದೊಡ್ಡ ಅಂಕಿಯ ಮೇಲೆ. ಆದರೆ ಹೆಚ್ಚಿನ ಸ್ಟೇಜುಗಳಲ್ಲಿ ರೈಫಲ್ ಗುಂಡುಗಳ ದೊಡ್ಡ ಪಾಲು ಖರ್ಚಾಗುವುದು 50 ಗಜದೊಳಗೆ, 1 ಪವರ್‌ನಲ್ಲಿ. ಅಲ್ಲಿ ಸ್ಕೋಪ್ ಚೆನ್ನಾಗಿಲ್ಲದಿದ್ದರೆ ದೂರದಲ್ಲಿ ಗಳಿಸಿದ ಸಮಯವನ್ನೆಲ್ಲ ಹತ್ತಿರದ ಗುರಿಗಳೇ ನುಂಗಿಬಿಡುತ್ತವೆ.

ಹಣ ತೆಗೆಯುವ ಮೊದಲು ಯಾವ ಡಿವಿಷನ್‌ನಲ್ಲಿ, ಅಂದರೆ ಉಪಕರಣದ ಯಾವ ವರ್ಗದಲ್ಲಿ, ಆಡುತ್ತೀರಿ ಎಂದು ಗೊತ್ತುಮಾಡಿಕೊಳ್ಳಿ. ಟ್ಯಾಕ್ಟಿಕಲ್‌ನಲ್ಲಿ ರೈಫಲ್ ಮೇಲೆ ಒಂದೇ ಆಪ್ಟಿಕ್. ಅದು ಪವರ್ ಬದಲಿಸುವಂಥದ್ದಾದರೂ ತೊಂದರೆಯಿಲ್ಲ. ಲಿಮಿಟೆಡ್‌ನಲ್ಲಿ ದೊಡ್ಡದಾಗಿಸುವ ಗಾಜಿಗೇ ಅವಕಾಶವಿಲ್ಲ, ಕೆಂಪು ಚುಕ್ಕೆಯನ್ನಷ್ಟೇ ತೋರಿಸುವ ರೆಡ್ ಡಾಟ್ ಸಾಕು. 45 ಡಿಗ್ರಿ ಓರೆಯಾಗಿ ಎರಡನೆಯ ಡಾಟ್ ಕೂರಿಸಿದರೆ ನೀವು ಸಾಮಾನ್ಯವಾಗಿ ನೇರ ಓಪನ್ ಡಿವಿಷನ್‌ಗೆ ಹೋಗುತ್ತೀರಿ. ಅನೇಕ ಪಂದ್ಯಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ, ಹಾಗಾಗಿ ನೋಂದಣಿ ಮಾಡುವಾಗಲೇ ಆ ಪಂದ್ಯದ ನಿಯಮಪುಸ್ತಕ ಓದಿ.

1 ಪವರ್ ಪರೀಕ್ಷಿಸುವ ಬಗೆ

ಅಂಗಡಿಯಲ್ಲಿ ಸ್ಕೋಪನ್ನು 1ಕ್ಕೆ ತಿರುಗಿಸಿ, ಎರಡೂ ಕಣ್ಣು ತೆರೆದು, ಬಾಗಿಲ ಚೌಕಟ್ಟಿನಂಥ ನೇರ ಗೆರೆಯನ್ನು ನೋಡಿ. ಸ್ಕೋಪಿನೊಳಗೆ ಕಾಣುವ ಗೆರೆ ಹೊರಗೆ ಕಾಣುವ ಗೆರೆಗೆ ಸೇರಿಕೊಂಡು ಹೋಗಬೇಕು. ಒಳಗಿನದು ತುಸು ದಪ್ಪವಾಗಿಯೋ ಅಂಚಿನಲ್ಲಿ ಬಾಗಿದಂತೆಯೋ ಕಂಡರೆ ಅದು ನಿಜವಾದ 1 ಅಲ್ಲ. ಓಡುತ್ತಾ ಗುರಿಯಿಂದ ಗುರಿಗೆ ಹಾಯುವಾಗ ಕಣ್ಣು ತಡಕಾಡುತ್ತದೆ. ಆದರೆ ಈ ಪರೀಕ್ಷೆಗೆ ಮೊದಲು ಕಣ್ಣಿನ ಕಡೆಯ ಡಯಾಪ್ಟರ್ (ನಿಮ್ಮ ದೃಷ್ಟಿಗೆ ಚಿತ್ರ ಹೊಂದಿಸುವ ಬಳೆ) ಹೊಂದಿಸಿಕೊಳ್ಳಿ. ಖಾಲಿ ಆಕಾಶದತ್ತಲೋ ಬಿಳಿ ಗೋಡೆಯತ್ತಲೋ ಹಿಡಿದು, ರೆಟಿಕಲ್ (ಸ್ಕೋಪಿನೊಳಗಿನ ಗುರಿಗೆರೆಗಳು) ನೋಡಿದ ಕ್ಷಣವೇ ಚೂಪಾಗಿ ಕಾಣುವ ತನಕ ತಿರುಗಿಸಿ. ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಬೇಡಿ, ಕಣ್ಣು ತಾನೇ ಹೊಂದಿಕೊಂಡು ಮೋಸ ಮಾಡುತ್ತದೆ. ಡಯಾಪ್ಟರ್ ಹೊಂದಿಸದೆಯೇ ಒಳ್ಳೆಯ ಸ್ಕೋಪನ್ನು ಕೆಟ್ಟದೆಂದು ವಾಪಸ್ ಕೊಡುವವರು ಕಡಿಮೆಯಿಲ್ಲ.

ಮುಂದೆ ಐಬಾಕ್ಸ್, ಅಂದರೆ ಕಣ್ಣು ಎಲ್ಲೆಲ್ಲಿದ್ದರೆ ಪೂರ್ತಿ ಚಿತ್ರ ಕಾಣುತ್ತದೋ ಆ ಜಾಗ. ತಲೆಯನ್ನು ಬೇಕೆಂದೇ ಅರ್ಧ ಇಂಚು ಅತ್ತಿತ್ತ, ಹಿಂದೆ ಮುಂದೆ ಸರಿಸಿ ನೋಡಿ. ಚಿತ್ರ ಕಪ್ಪಾಗದೆ ಉಳಿಯಬೇಕು. ಮುಂದಿನ ಗಾಜಿನ ವ್ಯಾಸವನ್ನು ಪವರ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 24 ಮಿ.ಮೀ. ಗಾಜಿಗೆ 6 ಪವರ್‌ನಲ್ಲಿ 4 ಮಿ.ಮೀ., 8ರಲ್ಲಿ 3, 10ರಲ್ಲಿ ಬರೀ 2.4. ಹಾಗಾಗಿ 10 ಪವರ್ ಸ್ಕೋಪ್ ಬೆಂಚಿನ ಮೇಲೆ ಸೊಗಸಾಗಿ ಕಂಡರೂ, ಏದುಸಿರು ಬಿಡುತ್ತಾ ಟೈರಿನ ರಾಶಿಗೆ ರೈಫಲ್ ಒರಗಿಸಿದಾಗ ಚಿತ್ರ ಹುಡುಕುವುದೇ ಒಂದು ಕೆಲಸವಾಗುತ್ತದೆ.

ರೆಟಿಕಲ್ ನಡುವೆ ಹೊತ್ತುವ ಡಾಟ್‌ನ ಬೆಳಕನ್ನು ಮಾತ್ರ ಅಂಗಡಿಯೊಳಗೆ ನಿರ್ಧರಿಸಬೇಡಿ. ಹೊರಗೆ ಹೋಗಿ, ಮಧ್ಯಾಹ್ನದ ಬಿಸಿಲು ಬಿದ್ದಿರುವ ತಿಳಿ ಬಣ್ಣದ ಗೋಡೆಯ ಮೇಲೆ ಹಿಡಿದು ನೋಡಿ. ಅಲ್ಲಿಯೂ ಕೆಂಪು ಎದ್ದು ಕಂಡರೆ ಸರಿ. ವಾರ್ಟೆಕ್ಸ್ ರೇಜರ್ ಜೆನ್-2ರ 1-6 ಈ ಆಟದಲ್ಲಿ ಇಷ್ಟು ಹಬ್ಬಿದ್ದಕ್ಕೆ ಬಿಸಿಲಿಗೂ ಸೋಲದ ಆ ಡಾಟ್ ಮತ್ತು 1 ಪವರ್‌ನಲ್ಲಿ 100 ಗಜಕ್ಕೆ 115 ಅಡಿಯಷ್ಟಿರುವ ನೋಟದ ಅಗಲ ದೊಡ್ಡ ಕಾರಣ.

ಎಷ್ಟು ಪವರ್ ಬೇಕು?

ನಿಮ್ಮ ಪಂದ್ಯಗಳು 300 ಗಜದೊಳಗೆ ಮುಗಿಯುವುದಾದರೆ 1-6 ಸಾಕು, 1-4 ಇದ್ದರೂ ನಡೆಯುತ್ತದೆ. 400 ಗಜದಾಚೆ ಚಿಕ್ಕ ಪ್ಲೇಟುಗಳು ಮತ್ತೆ ಮತ್ತೆ ಬರುವುದಾದರೆ 1-8ರ ಬೆಲೆಗೆ ಅರ್ಥವಿದೆ. ತೂಕವನ್ನೂ ಲೆಕ್ಕಕ್ಕೆ ತನ್ನಿ. ನೈಟ್‌ಫೋರ್ಸ್ ಎನ್‌ಎಕ್ಸ್8ರ 1-8 ಸುಮಾರು 480 ಗ್ರಾಂ, ರೇಜರ್‌ನ ಹಗುರ ಆವೃತ್ತಿ 610 ಗ್ರಾಂ, ಅದರ ಹಳೆಯ ಆವೃತ್ತಿ 700 ಗ್ರಾಂ ದಾಟುತ್ತದೆ. ಸ್ಕೋಪನ್ನು ರೈಫಲ್‌ಗೆ ಕೂರಿಸುವ ಮೌಂಟ್‌ನ ತೂಕ ಇದರ ಮೇಲೆ. ಎನ್‌ಎಕ್ಸ್8 ಚಿಕ್ಕದು, ಹಗುರ. ಬದಲಿಗೆ ಐಬಾಕ್ಸ್ ಬಿಗಿ. ಮುನ್ನೂರು-ನಾನ್ನೂರು ಡಾಲರಿನ ಸ್ಕೋಪುಗಳಲ್ಲಿ ಗಾಜು ಪರವಾಗಿಲ್ಲ ಎನ್ನುವಷ್ಟಿರುತ್ತದೆ, ಸಾಮಾನ್ಯವಾಗಿ ಸೋಲುವುದು ಹಗಲಿನ ಡಾಟ್. ಅಂಥದ್ದನ್ನು ಕೊಳ್ಳುವುದಾದರೆ ಬೆಳಕಿಲ್ಲದಿದ್ದರೂ ಕಾಣುವ ದಪ್ಪ ಕಪ್ಪು ರೆಟಿಕಲ್ ಇರುವುದನ್ನು ಆರಿಸಿ.

ರೆಟಿಕಲ್ ಎಲ್ಲಿ ಕೂತಿದೆ ಎನ್ನುವುದೇ ಜನ ಎಡವುವ ಜಾಗ. ಸೆಕೆಂಡ್ ಫೋಕಲ್ ಪ್ಲೇನ್‌ನಲ್ಲಿ ಪವರ್ ಬದಲಿಸಿದರೂ ರೆಟಿಕಲ್ ಒಂದೇ ಗಾತ್ರದಲ್ಲಿರುತ್ತದೆ, ದೂರದ ಗುರಿಗೆ ಎತ್ತಿ ಹಿಡಿಯಲು ಇರುವ ಕೆಳಗಿನ ಗುರುತುಗಳು ಸಾಮಾನ್ಯವಾಗಿ ಗರಿಷ್ಠ ಪವರ್‌ನಲ್ಲಿ ಮಾತ್ರ ಸರಿ. ಉದಾಹರಣೆಗೆ 6 ಪವರ್‌ನಲ್ಲಿ 5 ಎಂಒಎ (ಕೋನದ ಅಳತೆ, 100 ಗಜಕ್ಕೆ ಒಂದು ಎಂಒಎ ಸುಮಾರು ಒಂದು ಇಂಚು) ತೋರಿಸುವ ಗುರುತು 3 ಪವರ್‌ನಲ್ಲಿ 10 ಎಂಒಎ ಆಗುತ್ತದೆ. 400 ಗಜದಲ್ಲಿ ಆ ವ್ಯತ್ಯಾಸ ಸುಮಾರು 21 ಇಂಚು. ಗುಂಡು ಪ್ಲೇಟಿನ ತಲೆಯ ಮೇಲೆ ಹಾರಿಹೋಗುತ್ತದೆ, ನೀವು ಗಾಳಿಯನ್ನು ಬೈಯುತ್ತಾ ಕೂರುತ್ತೀರಿ. ಫಸ್ಟ್ ಫೋಕಲ್ ಪ್ಲೇನ್‌ನಲ್ಲಿ ಗುರುತು ಯಾವ ಪವರ್‌ನಲ್ಲೂ ಸರಿ, ಆದರೆ 1ರಲ್ಲಿ ಇಡೀ ರೆಟಿಕಲ್ ಕುಗ್ಗಿ ಕೂದಲೆಳೆಯಾಗುತ್ತದೆ, ಬ್ಯಾಟರಿ ಸತ್ತರೆ ಏನೂ ಕಾಣದು. 1-6ರಲ್ಲಿ ನಮ್ಮ ಮತ ಸೆಕೆಂಡ್ ಪ್ಲೇನ್‌ಗೆ: ಈ ಆಟದಲ್ಲಿ ಒಂದೋ 1, ಇಲ್ಲವೇ 6, ನಡುವಿನದು ಅಪರೂಪ. 1-8, 1-10ರಲ್ಲಿ 4-5 ಪವರ್‌ನಲ್ಲಿಯೂ ಹೊಡೆಯಬೇಕಾಗುವುದರಿಂದ ಫಸ್ಟ್ ಪ್ಲೇನ್ ಒಳ್ಳೆಯದು. ಗಿಜಿಗಿಜಿ ಎನ್ನುವ ಕ್ರಿಸ್‌ಮಸ್ ಮರದಂಥ ರೆಟಿಕಲ್ ಬೇಡ. 55 ಗ್ರೇನ್ (ಸುಮಾರು 3.6 ಗ್ರಾಂ) ಗುಂಡನ್ನು 300 ಗಜದಲ್ಲಿ ಗಂಟೆಗೆ 10 ಮೈಲಿಯ ಅಡ್ಡಗಾಳಿ 10 ಇಂಚಿಗೂ ಹೆಚ್ಚು ಸರಿಸುತ್ತದೆ. ಹಾಗಾಗಿ ಕೆಳಗೆ ನಾಲ್ಕೈದು ಗುರುತು, ಅಕ್ಕಪಕ್ಕ ಗಾಳಿಗೆ ಎರಡು ಗುರುತು ಇದ್ದರೆ ಕೆಲಸ ಆಗುತ್ತದೆ.

ಕೂರಿಸುವುದು

ಎಆರ್-15 ಬಗೆಯ ರೈಫಲ್‌ಗೆ ಮುಂದಕ್ಕೆ ಚಾಚಿದ ಒಂದೇ ತುಂಡಿನ ಕ್ಯಾಂಟಿಲಿವರ್ ಮೌಂಟ್ ತೆಗೆದುಕೊಳ್ಳಿ. ಸ್ಕೋಪ್ ಹಿಡಿಯುವ ಒಂದು ರಿಂಗ್ ರಿಸೀವರ್ (ರೈಫಲ್‌ನ ಮುಖ್ಯ ಒಡಲು) ಮೇಲೆ, ಇನ್ನೊಂದು ಹ್ಯಾಂಡ್‌ಗಾರ್ಡ್ (ಮುಂದಿನ ಕೈ ಹಿಡಿಯುವ ಭಾಗ) ಮೇಲೆ ಬಂದರೆ ಹ್ಯಾಂಡ್‌ಗಾರ್ಡ್ ಒತ್ತಿದಾಗಲೆಲ್ಲ ಝೀರೋ (ಗುರಿ ಇಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ) ಅಲುಗುತ್ತದೆ. ಸ್ಕೋಪಿನ ಟ್ಯೂಬ್ 30 ಮಿ.ಮೀ.ಯೋ 34 ಮಿ.ಮೀ.ಯೋ ನೋಡಿಯೇ ಮೌಂಟ್ ಕೊಳ್ಳಿ. ಕೂರಿಸುವಾಗ ಪವರ್ ಗರಿಷ್ಠದಲ್ಲಿರಲಿ, ಏಕೆಂದರೆ ಕಣ್ಣಿನ ದೂರದ ಸಡಿಲಿಕೆ ಅಲ್ಲಿ ಅತಿ ಕಡಿಮೆ. ರೈಫಲ್ ಖಾಲಿ ಎಂದು ಎರಡು ಬಾರಿ ನೋಡಿ, ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆ ತಾನಾಗಿ ಕೂತ ಮೇಲೆ ಕಣ್ಣು ತೆರೆಯಿರಿ. ಸುತ್ತ ಕಪ್ಪು ಬಳೆ ಕಂಡರೆ ಸ್ಕೋಪನ್ನು ಸರಿಸಿ. ಮಲಗಿ ಹೊಡೆಯುವಾಗ ತಲೆ ಮುಂದೆ ಹೋಗುತ್ತದೆ, ನಿಂತಾಗ ಹಿಂದೆ ಉಳಿಯುತ್ತದೆ. ಎರಡಕ್ಕೂ ಒಗ್ಗುವ ನಡುವಿನ ಜಾಗ ಹುಡುಕಿ.

ತೂಗುಬಿಟ್ಟ ದಾರಕ್ಕೆ ರೆಟಿಕಲ್‌ನ ನೇರಗೆರೆ ಹೊಂದಿಸಿ. ರಿಂಗ್ ಸ್ಕ್ರೂಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಟಾರ್ಕ್ ವ್ರೆಂಚ್‌ನಲ್ಲಿ 15-18 ಇಂಚ್-ಪೌಂಡ್‌ಗೆ ನಿಲ್ಲಿಸಿ. ಕೈಯಂದಾಜಿನಲ್ಲಿ ಬಿಗಿದರೆ ಟ್ಯೂಬ್ ನಜ್ಜಾಗಿ ಪವರ್ ರಿಂಗ್ ಗಟ್ಟಿಯಾಗುತ್ತದೆ, ಆ ಗುರುತು ಬಿದ್ದ ಮೇಲೆ ವಾರಂಟಿಯ ಮಾತೂ ಕಷ್ಟ. ರೇಲ್ ಕಡೆಯ ನಟ್‌ಗೆ ಮೌಂಟ್ ತಯಾರಕರು ಹೇಳಿದ ಅಂಕಿ. ಬಿಗಿಸುವಾಗ ಮೌಂಟನ್ನು ಮುಂದಕ್ಕೆ ಒತ್ತಿ ಹಿಡಿಯಿರಿ. ಕೊನೆಗೆ ಪೇಂಟ್ ಪೆನ್ನಿನಿಂದ ಸ್ಕ್ರೂ ಮೇಲೊಂದು ಗೆರೆ ಎಳೆದರೆ ಸಡಿಲವಾದದ್ದು ಕಣ್ಣಿಗೇ ಕಾಣುತ್ತದೆ.

ಝೀರೋ ಮತ್ತು ಪಂದ್ಯದ ದಿನ

50 ಗಜದಲ್ಲಿ ಐದು ಗುಂಡು ಹಾರಿಸಿ, ಗುಂಪಿನ ನಡು ನೋಡಿ ತಿದ್ದಿ. ಟರೆಟ್ (ಗುರಿ ತಿದ್ದುವ ಗುಂಡಿ) ತಿರುಗಿಸುವಾಗ ಕ್ಲಿಕ್ಕಿಗೆ ಅರ್ಧ ಎಂಒಎ ಇರುವ ಸ್ಕೋಪಿನಲ್ಲಿ ಆ ದೂರಕ್ಕೆ ಒಂದು ಕ್ಲಿಕ್ ಸುಮಾರು ಕಾಲು ಇಂಚು. ಎರಡು ಇಂಚು ಕೆಳಗಿದ್ದರೆ 8 ಕ್ಲಿಕ್ ಮೇಲೆ. ಹೀಗೆ ಕೂತ ಝೀರೋ 200 ಗಜದ ಆಸುಪಾಸಿನಲ್ಲಿ ಮತ್ತೆ ಸರಿಬರುತ್ತದೆ, ಆದರೂ ಅಲ್ಲಿ ಹೊಡೆದು ಖಚಿತಪಡಿಸಿಕೊಳ್ಳದೆ ಬಿಡಬೇಡಿ. ಆಮೇಲೆ ರೈಫಲನ್ನು ಮರಳುಚೀಲದ ಮೇಲೆ ಅಲುಗದಂತೆ ಇಟ್ಟು, ಪವರ್ ರಿಂಗನ್ನು 1ರಿಂದ 6ಕ್ಕೆ ತಿರುಗಿಸಿ. ಗುರಿಯ ಬಿಂದುವಿನಿಂದ ರೆಟಿಕಲ್ ಜಾರಿದರೆ ಸ್ಕೋಪ್ ವಾಪಸ್ ಮಾಡಿ.

ಸ್ಕೋಪ್ ಬ್ಯಾರೆಲಿಗಿಂತ ಸುಮಾರು 2.6 ಇಂಚು ಎತ್ತರದಲ್ಲಿರುತ್ತದೆ. ಈ ಝೀರೋದಲ್ಲಿ 7 ಗಜದ ಗುರಿಗೆ ಗುಂಡು ಡಾಟ್‌ಗಿಂತ ಎರಡು ಇಂಚಿಗೂ ಕೆಳಗೆ ಬೀಳುತ್ತದೆ. ಗುರಿಯ ತಲೆ ಮಾತ್ರ ಕಾಣುವಂತೆ ನೋ-ಶೂಟ್ (ಹೊಡೆಯಬಾರದ ರಟ್ಟು) ಅಡ್ಡ ಇಟ್ಟಿದ್ದರೆ ಡಾಟನ್ನು ಮೇಲಿನ ಅಂಚಿನತ್ತ ಎತ್ತಿ ಹಿಡಿಯಬೇಕು.

ಪವರ್ ರಿಂಗಿಗೆ ಥ್ರೋ ಲಿವರ್ (ಬೇಗ ತಿರುಗಿಸಲು ಪುಟ್ಟ ಹಿಡಿ) ಹಾಕಿಸಿ, ಆರಂಭದ ಬಜರ್‌ಗೆ ಮೊದಲೇ ಎಲ್ಲಿ ತಿರುಗಿಸುವುದೆಂದು ಸ್ಟೇಜ್ ನಡೆದು ನೋಡುವಾಗ ನಿರ್ಧರಿಸಿ. ದೂರದ ಪ್ಲೇಟು ಮುಗಿಸಿ 6ರಲ್ಲೇ ಓಡಿದರೆ, 10 ಗಜದಲ್ಲಿ ನಿಮಗೆ ಕಾಣುವುದು ಎರಡಡಿ ಅಗಲದ ಜಗತ್ತು. ಒಂದೇ ರಟ್ಟು ಪೂರ್ತಿ ಆವರಿಸಿ ಪಕ್ಕದ್ದು ಕಾಣುವುದೇ ಇಲ್ಲ. ರೈಫಲನ್ನು ಸೇಫ್ಟಿ ಹಾಕಿ ಡಂಪ್ ಬ್ಯಾರೆಲಿಗೆ (ಬಳಸಿದ ಬಂದೂಕು ಇಡುವ ಪೀಪಾಯಿ) ಇಳಿಸುವಾಗ ಸ್ಕೋಪ್ ಅದರ ಅಂಚಿಗೆ ಬಡಿಯುವುದು ಮಾಮೂಲು, ಹಾಗಾಗಿ ಟರೆಟ್‌ಗಳಿಗೆ ಮುಚ್ಚಳ ಇರುವುದೇ ವಾಸಿ. ಚೀಲದಲ್ಲಿ ಎರಡು ಸಿಆರ್2032 ಬ್ಯಾಟರಿ, ಲೆನ್ಸ್ ಬಟ್ಟೆ, ಟಾರ್ಕ್ ವ್ರೆಂಚ್ ಇರಲಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದಕ್ಕೆ ಅಲ್ಲಿನ ಫೆಡರಲ್ ಕಾನೂನಿನಲ್ಲಿ ನಿಷೇಧವಿದೆ. ಬೇಟೆ ಪರವಾನಗಿಯಂಥ ವಿನಾಯಿತಿ ತಮಗೆ ಅನ್ವಯಿಸುತ್ತದೆಯೇ ಎಂದು ವಕೀಲರಲ್ಲಿ ಕೇಳಿಯೇ ಮುಂದುವರಿಯಬೇಕು. ಸ್ಕೋಪ್ ಬಂದೂಕಲ್ಲ ನಿಜ, ಆದರೆ ಅದು ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ. ಊರಿಗೆ ಹೊರಟಾಗ ಗೆಳೆಯರಿಗೆಂದು ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಬೇಡಿ.