ಕರೆಂಟಿಲ್ಲದ ಊರಲ್ಲಿ ಬ್ಯಾಟರಿ ಮೆಷಿನ್: ಹಂಚಿನ ಮನೆ ರಿಪೇರಿಯ ನನ್ನ ಅನುಭವ

"ಬ್ಯಾಟರಿ ಮೆಷಿನ್ ಬೆಂಗಳೂರು ಫ್ಲಾಟಲ್ಲಿ ಹಿಂಜ್ ಬಿಗಿಯೋಕೆ ಸರಿ. ಮತ್ತಿಯಂಥ ಗಟ್ಟಿ ಮರಕ್ಕೆ ಅದು ಆಟದ ಸಾಮಾನು ಮಾರಾಯ." ಸಾಗರ ಕಡೆಯ ಹಿರಿಯ ಆಚಾರ್ರೊಬ್ಬರು ನನಗೆ ಹೇಳಿದ ಮಾತಿದು. ಈಗ ಅವರೇ ಫೋನ್ ಮಾಡಿ ಬ್ಯಾಟರಿ ಡ್ರಿಲ್, ಗರಗಸ ಯಾವುದು ತಗೊಳ್ಳಲಿ, ಎಷ್ಟಾಗುತ್ತೆ ಅಂತ ಕೇಳುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ಬರೆದುಬಿಡೋಣ ಅಂತ ಕೂತೆ. ಡ್ರಿಲ್ ಹಿಡಿಯೋದು ಹೇಗೆ ಅಂತೆಲ್ಲ ಬರೆಯಲ್ಲ, ಅದು ನಿಮಗೆ ಗೊತ್ತು.

ಕೆಲಸ ಇದ್ದದ್ದು ಹೊಸನಗರದ ಒಳಗಿನ ಒಂದು ಹಳೇ ಮನೆಯಲ್ಲಿ. ಹೋಂಸ್ಟೇ ಮಾಡಬೇಕು ಅಂತ ಯಜಮಾನರ ಆಸೆ. ಮಳೆಗೆ ಮುಂಚೆ ಮಾಡಿನ (ಹಂಚಿನ ಛಾವಣಿಯ) ರಿಪೇರಿ, ಮಳೆ ಹಿಡಿದ ಮೇಲೆ ಒಳಗೆ ಅಟ್ಟ, ವಾರ್ಡ್‌ರೋಬ್, ಅಡುಗೆಮನೆ. ಆ ಕಡೆ ಕರೆಂಟಿನ ಕತೆ ಗೊತ್ತಲ್ಲ. ಮೇ ತಿಂಗಳಲ್ಲಿ ಗುಡುಗು ಬಂದರೆ ಒಂದು ಮರ ಲೈನಿನ ಮೇಲೆ ಬೀಳುತ್ತೆ, ಆಮೇಲೆ ಎರಡು ದಿನ ಕತ್ತಲು. ಕರೆಂಟ್ ಇದ್ದಾಗಲೂ ಸಂಜೆ ಹೊತ್ತಿಗೆ 170 ವೋಲ್ಟ್. ಹಿಂದಿನ ವರ್ಷ ಅದೇ ಸುತ್ತಿನ ಇನ್ನೊಂದು ಮನೆಯಲ್ಲಿ ಆ ವೋಲ್ಟೇಜಿನಲ್ಲೇ ಕಟರ್ ಓಡಿಸಿ ಎರಡು ಆರ್ಮೇಚರ್ (ಮೋಟರಿನೊಳಗೆ ತಿರುಗೋ ಸುರುಳಿ) ಸುಟ್ಟಿತ್ತು. ಜನರೇಟರ್ ತಂದರೆ ಬಾಡಿಗೆ, ಪೆಟ್ರೋಲ್ ಎಲ್ಲ ಸೇರಿ ದಿನಕ್ಕೆ ಒಂದೂವರೆ ಸಾವಿರದ ಹತ್ತಿರ. ಅದರ ಸದ್ದಿಗೆ ಮೇಲಿದ್ದವನು ಹೇಳಿದ್ದು ಕೆಳಗಿದ್ದವನಿಗೆ ಕೇಳಲ್ಲ. ಅಲ್ಲಿಗೇ ತೀರ್ಮಾನ ಮಾಡಿದ್ದೆ, ಮುಂದಿನ ಕೆಲಸ ಪೂರ್ತಿ ಬ್ಯಾಟರಿಯಲ್ಲೇ ಅಂತ.

ಅದಕ್ಕೆ ಮುಂಚೆ ಹಾಳಾದ ದುಡ್ಡಿನ ಲೆಕ್ಕವೂ ಇದೆ. ಮೊದಲು ತಂದದ್ದು 12 ವೋಲ್ಟಿನ ಸಣ್ಣ ಡ್ರಿಲ್. ಚೆನ್ನಾಗಿತ್ತು, ಈಗಲೂ ಕಬೋರ್ಡ್ ಒಳಗೆ ಕೈ ಹಾಕಿ ಚಾನೆಲ್ ಕೂರಿಸೋಕೆ ಅದೇ ಬೇಕು. ಆದರೆ ಎರಡೂವರೆ ಇಂಚಿನ ಸ್ಕ್ರೂ ಮತ್ತಿಗೆ ಹಾಕಿದರೆ ಅರ್ಧಕ್ಕೇ ನಿಂತು ಲೈಟ್ ಮಿಣುಕಿಸುತ್ತಿತ್ತು. ಆಮೇಲೆ ಬಂತು "88 ವೋಲ್ಟ್" ಅಂತ ಬರೆದ ಕಿಟ್. ಡ್ರಿಲ್, ಗ್ರೈಂಡರ್, ಗರಗಸ, ಎರಡು ಬ್ಯಾಟರಿ, ಎಲ್ಲ ಸೇರಿ 7 ಸಾವಿರದ ಒಳಗೆ! ನಾಲ್ಕು ತಿಂಗಳಿಗೆ ಒಂದು ಬ್ಯಾಟರಿ ಸತ್ತಿತು. ಬಿಚ್ಚಿ ನೋಡಿದರೆ ಒಳಗೆ ಬರೀ ಐದು ಸೆಲ್, ಅದೂ ಮೂರು ಒಂದು ಬಣ್ಣ, ಎರಡು ಇನ್ನೊಂದು ಬಣ್ಣ. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟೇ. ಮೇಲೆ 88 ಬರೆಯಲಿ, 128 ಬರೆಯಲಿ, ಸ್ಟಿಕ್ಕರಿಗೆ ಕರೆಂಟ್ ಬರಲ್ಲ. 20 ವೋಲ್ಟ್ ಮ್ಯಾಕ್ಸ್ ಅಂತ ಒಳ್ಳೆ ಕಂಪನಿಗಳು ಬರೆಯೋದೂ ಇದೇ ಐದು ಸೆಲ್ಲಿಗೆ. ಫುಲ್ ಚಾರ್ಜ್ ಆದಾಗ ಅಳೆದರೆ 20 ದಾಟುತ್ತೆ, ಅಷ್ಟೇ.

ಅವತ್ತಿನಿಂದ ಬ್ಯಾಟರಿ ತಗೊಳ್ಳುವಾಗ ನಾನು ನೋಡೋದು ತೂಕ. ನಿಜವಾದ 5 ಎಎಚ್ (ಆಂಪಿಯರ್ ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ) ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಹತ್ತು ಸೆಲ್ ಇರುತ್ತೆ, ಒಂದೊಂದು 45 ಗ್ರಾಂ ಮೇಲೆ. ಡಬ್ಬಿ ಸೇರಿ 600 ಗ್ರಾಂ ದಾಟಲೇಬೇಕು. ಅಂಗಡಿಯವನು 5 ಎಎಚ್ ಅಂತ ಕೊಟ್ಟದ್ದು 400 ಗ್ರಾಂ ತೂಗಿದರೆ ಸುಮ್ನೆ ವಾಪಸ್ ಇಟ್ಟು ಬನ್ನಿ. ಪಕ್ಕದ ತರಕಾರಿ ಅಂಗಡಿಯ ತಕ್ಕಡಿ ಸಾಕು.

ಕೊನೆಗೆ ಒಂದೇ ಕಂಪನಿಯ 18 ವೋಲ್ಟ್ ಹಿಡಿದೆ. ಯಾವ ಕಂಪನಿ ಅಂತ ಹೇಳಿದರೆ ಜಗಳ ಶುರುವಾಗುತ್ತೆ, ಬೇಡ. ಹತ್ತಿರದ ಪೇಟೆಯಲ್ಲಿ ಯಾವುದಕ್ಕೆ ಸರ್ವಿಸ್ ಇದೆಯೋ ಅದು ತಗೊಳ್ಳಿ. ಡ್ರಿಲ್ಲು, ಸ್ಕ್ರೂ ಬಿಗಿಯೋ ಇಂಪ್ಯಾಕ್ಟ್ ಡ್ರೈವರ್, ಎರಡು 5 ಎಎಚ್ ಬ್ಯಾಟರಿ, ಚಾರ್ಜರ್ ಇದ್ದ ಸೆಟ್ 28 ಸಾವಿರ ಚಿಲ್ಲರೆ. ಆಮೇಲೆ ಬ್ಯಾಟರಿ ಇಲ್ಲದ ಬರೀ ಮೆಷಿನ್ನುಗಳು, ಸಾವಿರದ ಲೆಕ್ಕದಲ್ಲಿ: 165 ಎಂಎಂ ದುಂಡು ಗರಗಸ 13, ಹಿಂದೆಮುಂದೆ ಓಡುವ ರೆಸಿಪ್ರೊಕೇಟಿಂಗ್ ಗರಗಸ 12, ಅಂಚು ಕೊರೆಯೋ ಟ್ರಿಮ್ಮರ್ 9, ಎಸ್‌ಡಿಎಸ್ ಹ್ಯಾಮರ್ (ಕಾಂಕ್ರೀಟ್ ಕೊರೆಯೋದು) 14. ಇನ್ನೆರಡು ಬ್ಯಾಟರಿಗೆ ಮತ್ತೆ 14. ಒಟ್ಟು 90 ಸಾವಿರದ ಹತ್ತಿರ ಹೋಯಿತು, ಎಲ್ಲ ಒಂದೇ ಸಲ ಅಲ್ಲ. ಮನೆಯಲ್ಲಿ "ಇಷ್ಟಕ್ಕೆ ಸೆಕೆಂಡ್ ಹ್ಯಾಂಡ್ ಓಮ್ನಿನೇ ಬರ್ತಿತ್ತಲ್ಲ" ಅಂದರು. ಬರ್ತಿತ್ತು.

ಈಗ ಮಾಡಿನ ಕೆಲಸ. ಪಕಾಸಿ (ಮಾಡಿನ ಇಳಿಜಾರು ತೊಲೆ) ಬಹಳಷ್ಟು ಗಟ್ಟಿ ಇದ್ದವು, ಹಳೇ ಮತ್ತಿ, ಉಗುರು ಊರಲ್ಲ. ಅದರ ಮೇಲೆ ಹಂಚು ಕೂರಿಸೋ ರೀಪು ಮಾತ್ರ ಅರ್ಧಕ್ಕರ್ಧ ಹುಳ ತಿಂದಿತ್ತು. ಹಂಚಿನಲ್ಲಿ ಕೆಲವಕ್ಕೆ ಬಾಸೆಲ್ ಮಿಶನ್ ಮುದ್ರೆ ಇತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದವರದು. ಯಜಮಾನರು ಮೊದಲ ದಿನವೇ ಹೇಳಿದ್ದರು, "ಆಚಾರ್ರೇ, ರೇಟು ಸ್ವಲ್ಪ ಜಾಸ್ತಿ ಆದ್ರೂ ಆಗ್ಲಿ, ಒಂದು ಹಂಚು ಒಡೀಬಾರ್ದು." ಅವರು ಹೇಳಿದ್ದರಲ್ಲಿ ಅರ್ಥ ಇದೆ. ಹಳೇ ಹಂಚಿಗೆ ಈಗಿನ ಹಂಚು ಸರಿಯಾಗಿ ಕಚ್ಚಿಕೊಳ್ಳಲ್ಲ. ಒಂದು ಒಡೆದರೆ ಅಲ್ಲೊಂದು ಸೋರಿಕೆ ಖಾಯಂ.

ಆದ್ದರಿಂದ ಮೊಳೆ ಬಿಟ್ಟು ಸ್ಕ್ರೂ ಹಾಕಿದೆ. ಹಿರಿಯರ ಮೊದಲ ಆಕ್ಷೇಪಣೆ ಇದಕ್ಕೇ. ರೀಪಿಗೆ ಯಾರಾದ್ರೂ ಸ್ಕ್ರೂ ಹಾಕ್ತಾರಾ, ಸಂಜೆಯೊಳಗೆ ಒಂದು ಅಂಕಣ (ಎರಡು ಕಂಬದ ನಡುವಿನ ಭಾಗ) ಮುಗಿಯಲ್ಲ ಅಂದರು. ಮೊಳೆ ಹೊಡೆಯುವಾಗ ಏನಾಗುತ್ತೆ ಗೊತ್ತಲ್ಲ. ಒಂದು ಕಡೆ ಹೊಡೆದರೆ ಉದ್ದನೆಯ ಪಕಾಸಿ ಪೂರ್ತಿ ಕುಣಿಯುತ್ತೆ, ಆಚೆ ತುದಿಯಲ್ಲಿ ತೆಗೆಯದೆ ಬಿಟ್ಟ ಹಂಚು ಜಾರುತ್ತೆ. ಇಂಪ್ಯಾಕ್ಟ್ ಡ್ರೈವರ್ ಸದ್ದು ಜಾಸ್ತಿ ಮಾಡುತ್ತೆ, ಆದರೆ ಅದರ ಏಟು ಸುತ್ತು ಹೊಡೆಯೋದು, ಮರವನ್ನು ಕೆಳಗೆ ಗುದ್ದಲ್ಲ. ಡ್ರಿಲ್ಲಲ್ಲಿ 3 ಎಂಎಂ ತೂತು, ಹಿಂದೆಯೇ ಡ್ರೈವರಲ್ಲಿ ಸ್ಕ್ರೂ. ಸೊಂಟಕ್ಕೆ ಎರಡೂ ನೇತುಹಾಕಿ ಪಕಾಸಿ ಮೇಲೆ ಕಾಲು ಇಳಿಬಿಟ್ಟು ಕೂತರೆ ಎಳೆಯೋಕೆ ವೈರಿಲ್ಲ, ಸಿಕ್ಕಿಹಾಕಿಕೊಳ್ಳೋಕೆ ಏನೂ ಇಲ್ಲ. ಒಂದು ಬ್ಯಾಟರಿಗೆ 300 ಚಿಲ್ಲರೆ ಸ್ಕ್ರೂ ಇಳಿಯಿತು. ಪ್ಲಸ್ ಗುರುತಿನ ಫಿಲಿಪ್ಸ್ ತಲೆ ಸ್ಕ್ರೂ ತರಬೇಡಿ, ಮತ್ತಿಯಲ್ಲಿ ಬಿಟ್ ಜಾರಿ ತಲೆ ಸವೆಯುತ್ತೆ. ನಕ್ಷತ್ರದ ತಲೆಯದೇ ಬೇಕು. ಸ್ಕ್ರೂ ಸಲೀಸಾಗಿ ಇಳಿಯೋಕೆ ನಾನು ಒಂದು ವಸ್ತು ಸವರುತ್ತೇನೆ. ಅದು ಯಾವುದು ಅಂತ ಈಗ ಹೇಳಲ್ಲ. ಸಾಬೂನಲ್ಲ, ಮೇಣವೂ ಅಲ್ಲ.

ಎರಡನೇ ದಿನದಿಂದಲೇ ಹಿರಿಯರು ಹೇಳಿದ ಅಂಕಣದ ಲೆಕ್ಕ ತಲೆಕೆಳಗಾಯಿತು. ಸಂಜೆಯೊಳಗೆ ಒಂದೂವರೆ ಅಂಕಣ ಆಗ್ತಿತ್ತು, ಇಬ್ಬರೇ ಇದ್ದದ್ದು.

ನನಗೆ ತುಂಬಾ ಇಷ್ಟವಾದ ಮೆಷಿನ್ ಅಂದರೆ ಆ ರೆಸಿಪ್ರೊಕೇಟಿಂಗ್ ಗರಗಸ. ಕೊಳೆತ ಪಕಾಸಿ ತುದಿಯಲ್ಲಿ ಎಲ್ಲೆಲ್ಲೋ ಹಳೇ ಕಬ್ಬಿಣದ ಮೊಳೆ. ತಲೆ ತುಕ್ಕು ಹಿಡಿದು ಉದುರಿಹೋಗಿದೆ, ಮೈ ಮಾತ್ರ ಮರದ ಒಳಗೆ ಕಪ್ಪಾಗಿ ಕೂತಿದೆ. ಕೈಗರಗಸ ಹಾಕಿದರೆ ಒಂದೇ ಉಜ್ಜಿಗೆ ಹಲ್ಲು ಖತಂ. ಇದಕ್ಕೆ ಬೈಮೆಟಲ್ ಬ್ಲೇಡ್ ಹಾಕಿ ಸಂದಿಯಲ್ಲಿ ತೂರಿಸಿದರೆ ಮೊದಲು ಮರದ ಬೂದು ಪುಡಿ, ಆಮೇಲೆ ಸದ್ದು ಬದಲಾಗಿ ಕಿರ್ರಂತ ಎರಡು ಕಿಡಿ, ಮತ್ತೆ ಮರದ ಪುಡಿ. ಮೊಳೆ ಎಲ್ಲಿತ್ತು ಅಂತ ಕತ್ತರಿಸಿದ ಮೇಲೆ ಹೊಳೆಯುವ ಚುಕ್ಕೆ ನೋಡಿಯೇ ಗೊತ್ತಾಗೋದು. ಆದರೆ ಬ್ಯಾಟರಿ ನುಂಗುತ್ತೆ. 5 ಎಎಚ್ ಒಂದು ಹಾಕಿದರೆ ಅರ್ಧ ಗಂಟೆಯೂ ಬರಲ್ಲ.

ಹಾಗಾದರೆ ಕರೆಂಟಿಲ್ಲದೆ ಚಾರ್ಜ್ ಹೇಗೆ? ಎಲ್ಲರೂ ನನ್ನ ಬಾಯಿ ಕಟ್ಟುತ್ತಿದ್ದದ್ದು ಇದೇ ಪ್ರಶ್ನೆಯಿಂದ. ಆ ಮನೆಯಲ್ಲಿ ಇನ್ವರ್ಟರ್ ಇತ್ತು, 150 ಎಎಚ್ ಟ್ಯೂಬುಲರ್ ಬ್ಯಾಟರಿ. 12 ವೋಲ್ಟ್ ಲೆಕ್ಕದಲ್ಲಿ 1800 ವ್ಯಾಟ್ ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ 900. ನಡುವೆ ಸೋರಿಹೋಗೋದು ಕಳೆದರೆ ಕೈಗೆ 700 ಸಿಗುತ್ತೆ. ನನ್ನ ಒಂದು ಬ್ಯಾಟರಿ 18ಕ್ಕೆ 5 ಗುಣಿಸಿ 90. ಅಲ್ಲಿಗೆ ಏಳು ಚಾರ್ಜ್ ಧಾರಾಳ. ಮಾಡಿನ ಕೆಲಸಕ್ಕೆ ದಿನಕ್ಕೆ ಬೇಕಾಗಿದ್ದದ್ದೂ ಆರೋ ಏಳೋ. ಇನ್ವರ್ಟರ್ ಮಾತ್ರ ಸೈನ್ ವೇವ್ ಇರಬೇಕು. ಚೌಕ ಅಲೆಯ ಹಳೇ ಇನ್ವರ್ಟರಿನಲ್ಲಿ ನನ್ನ ಚಾರ್ಜರ್ ಬಿಸಿಯಾಗಿ ಗೊಯ್ಯ್ ಅನ್ನೋಕೆ ಶುರು ಮಾಡಿತು, ತಕ್ಷಣ ಕಿತ್ತೆ. ಎರಡನೇ ದಿನವೂ ಕರೆಂಟ್ ಬರಲಿಲ್ಲ ಅಂದರೆ ಬೆಳಿಗ್ಗೆ ಡೈರಿಗೆ ಹಾಲು ಒಯ್ಯುವ ಹುಡುಗನ ಕೈಲಿ ನಾಲ್ಕು ಬ್ಯಾಟರಿ, ಚಾರ್ಜರ್ ಪೇಟೆಗೆ ಕಳಿಸುತ್ತಿದ್ದೆ. ಪರಿಚಯದ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೊಂದಕ್ಕೆ ಮುಕ್ಕಾಲು ಗಂಟೆ. ಊಟದ ಹೊತ್ತಿಗೆ ವಾಪಸ್. ಹುಡುಗನಿಗೆ ದಿನಕ್ಕೆ 100 ರೂಪಾಯಿ. ಜನರೇಟರ್ ಬಾಡಿಗೆಗೆ ಹೋಲಿಸಿ ನೋಡಿ.

ಸೋಲಾರ್ ಪ್ಯಾನೆಲ್ ಪ್ರಯೋಗವೂ ಮಾಡಿದೆ. ಬೇಸಿಗೆಯಲ್ಲಿ ಪರವಾಗಿಲ್ಲ. ಜೂನ್ ಬಂದ ಮೇಲೆ ಆ ಮೋಡದಲ್ಲಿ ಮೊಬೈಲ್ ಚಾರ್ಜ್ ಆದರೆ ಪುಣ್ಯ. ಪ್ಯಾನೆಲ್ ಈಗ ಕೋಳಿಗೂಡಿನ ಮೇಲಿದೆ.

ಮಳೆಗಾಲದಲ್ಲಿ ಇನ್ನೊಂದು ತಲೆನೋವು ಥಂಡಿ. ಬ್ಯಾಟರಿಯ ತಾಮ್ರದ ಕಾಲಿಗೆ ಹಸಿರು ಕಟ್ಟಿ ಮೆಷಿನ್ ಬಿಟ್ಟು ಬಿಟ್ಟು ಓಡುತ್ತೆ. ಜೊತೆಯ ಹುಡುಗ ಒಣಗಲಿ ಅಂತ ಅಡಿಕೆ ಹೊಗೆಅಟ್ಟದ ಮೇಲೆ ಇಟ್ಟುಬಿಟ್ಟಿದ್ದ. ದಯವಿಟ್ಟು ಹಾಗೆ ಮಾಡಬೇಡಿ. ಲಿಥಿಯಮ್ಮಿಗೆ ಶಾಖ ಅಂದರೆ ಆಯಸ್ಸು ಕಡಿಮೆ ಆದ ಹಾಗೆ. ಬಿಗಿ ಮುಚ್ಚಳದ ಬಿಸ್ಕತ್ ಡಬ್ಬ ಸಾಕು. ಕೆಲಸ ಮಾಡಿ ಬಿಸಿಯಾದ ಬ್ಯಾಟರಿಯನ್ನು ಕೂಡಲೇ ಚಾರ್ಜರಿಗೆ ಹಾಕಬೇಡಿ, ಒಂದು ಚಾ ಕುಡಿದು ಬನ್ನಿ.

ಒಳಗಿನ ಪ್ಲೈ ಕೆಲಸಕ್ಕೆ ಬ್ಲೇಡೇ ಮುಖ್ಯ. ದಪ್ಪ ಬ್ಲೇಡ್ ತೆಗೆದು 1.6 ಎಂಎಂ ತೆಳು ಬ್ಲೇಡ್ ಹಾಕಿದ ಮೇಲೆ ಅದೇ ಬ್ಯಾಟರಿಯಲ್ಲಿ ಕಾಲು ಭಾಗ ಜಾಸ್ತಿ ಕೊಯ್ದೆ. 18 ಎಂಎಂ ಪ್ಲೈನಲ್ಲಿ ಎಂಟಡಿ ಉದ್ದದ್ದು ಇಪ್ಪತ್ತರ ಆಸುಪಾಸು ಬರುತ್ತೆ. ಪ್ಲೈನ ಅಂಟು ಹಲ್ಲಿಗೆ ಕಚ್ಚಿದರೆ ಹದಿನೈದಕ್ಕೇ ಮುಗಿಯಿತು. ವಾರಕ್ಕೊಮ್ಮೆ ಡೀಸೆಲ್ ಸವರಿ ಹಲ್ಲುಜ್ಜೋ ಹಳೇ ಬ್ರಷ್ಷಿನಲ್ಲಿ ತಿಕ್ಕಿ. ಸನ್ಮೈಕಾ ಹಚ್ಚಿದ ಹಾಳೆ ಅಂಚು ಒಡೆಯದೆ ಕೊಯ್ಯೋದಕ್ಕೆ ನನ್ನದೇ ಒಂದು ದಾರಿ ಇದೆ, ಸೈಟಿಗೆ ಬಂದರೆ ತೋರಿಸ್ತೀನಿ.

ಎಲ್ಲಾ ಬ್ಯಾಟರಿಯಲ್ಲೇ ಆಗುತ್ತೆ ಅಂತ ನಾನು ಹೇಳಲ್ಲ. ಪ್ಲೇನರ್ ಸೋತಿತು. ಗೆಳೆಯನದು 82 ಎಂಎಂ ಬ್ಯಾಟರಿ ಪ್ಲೇನರ್ ತಂದು ನೋಡಿದೆ. ಮಳೆಗೆ ಉಬ್ಬಿದ ಬಾಗಿಲಿನ ಅಡಿ ಕೀಸೋಕೆ ಒಳ್ಳೆಯದು. ಹೊಸ ಚೌಕಟ್ಟಿನ ಮರ ಅಳತೆಗೆ ತರೋಕೆ ಹೋದರೆ ಒಂದು ತುಂಡು ಮುಗಿಯೋದರೊಳಗೆ ಬ್ಯಾಟರಿ ಖಾಲಿ. ಆ ಕೆಲಸ ಪೂರ್ತಿ ಸಾಮಿಲ್ಲಿಗೆ ಕಳಿಸಿದೆ. ದೊಡ್ಡ ರೌಟರ್, ದಿನವಿಡೀ ಗ್ರೈಂಡರ್, ಇವೂ ವೈರಿನದೇ ಸರಿ. ಪಿನ್ ಹೊಡೆಯೋ ಗನ್ನೂ ಬ್ಯಾಟರಿಯದ್ದು ಹಿಡಿದು ನೋಡಿದೆ. ತಲೆ ಮೇಲೆ ಎತ್ತಿ ಹತ್ತು ನಿಮಿಷ ಹೊಡೆದರೆ ಭುಜ ಬಿದ್ದುಹೋಗುತ್ತೆ. ಕಂಪ್ರೆಸರ್ ಇದ್ದವರಿಗೆ ಅದು ದಂಡ.

ಎಸ್‌ಡಿಎಸ್ ಹ್ಯಾಮರ್ ಈ ಮನೆಗೆ ಬೇಕಾಗಿರಲಿಲ್ಲ, ಮಣ್ಣಿನ ಗೋಡೆ. ಅದನ್ನು ತಂದದ್ದು ಬೆಂಗಳೂರಲ್ಲಿ ಫ್ಲಾಟ್ ಇಂಟೀರಿಯರ್ ಮಾಡುವ ಭಾವನ ಮಾತು ಕೇಳಿ. ಈಗಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇಟ್ಟಿಗೆ ಎಲ್ಲಿ ಇದೆ? ಮೈವಾನ್ ಗೋಡೆ, ಅಂದರೆ ಅಚ್ಚಿಗೆ ಸುರಿದದ್ದು, ಪೂರ್ತಿ ಕಾಂಕ್ರೀಟ್. ಸಾಮಾನ್ಯ ಡ್ರಿಲ್ಲಿನ ಹ್ಯಾಮರ್ ಗುಂಡಿ ಒತ್ತಿದರೆ ಅದು ಕಿರುಚುತ್ತೆ, ಒಳಗೆ ಹೋಗಲ್ಲ. ಬಿಟ್ ಕೆಂಪಗಾಗುತ್ತೆ ಅಷ್ಟೇ. ಎಸ್‌ಡಿಎಸ್ ಹಾಕಿದರೆ ಬೆಣ್ಣೆ. ಒಂದು ಅಡುಗೆಮನೆಯ ಮೇಲಿನ ಕಪಾಟುಗಳ ಅಷ್ಟೂ ತೂತಿಗೆ ಒಂದು ಬ್ಯಾಟರಿ ಪೂರ್ತಿ ಬೇಕಾಗಲಿಲ್ಲ. ಅಲ್ಲಿ ಬೇರೆ ಥರದ ತೊಂದರೆ, ಸಂಜೆ ಆಯ್ತು ಅಂದರೆ ಸೆಕ್ಯುರಿಟಿ ಬಂದು ಬಾಗಿಲು ಬಡೀತಾರೆ. ವೈರ್ ಸುತ್ತೋ ಹೊತ್ತು ಉಳಿದದ್ದೇ ಲಾಭ.

ದುಡ್ಡಿನ ಮಾತು ಮುಗಿಸಿಬಿಡ್ತೀನಿ. ಹೊಸನಗರದ ಆ ಒಂದು ಕೆಲಸದಲ್ಲೇ ಜನರೇಟರ್ ಖರ್ಚು 40 ಸಾವಿರದ ಮೇಲೆ ಉಳಿದಿರಬೇಕು. ವೈರ್ ಹಿಡಿದು ನಿಲ್ಲೋಕೆ ಒಬ್ಬ ಆಳು ಬೇಕಾಗಿತ್ತು, ಅವನು ಪಾಲಿಶ್ ಕೆಲಸಕ್ಕೆ ಸಿಕ್ಕ. ಉಳಿದದ್ದು ಮುಂದಿನ ಎರಡು ಕೆಲಸದಲ್ಲಿ ವಾಪಸ್ ಬಂತು. ಹಂಚು ಒಡೆದದ್ದು ಮೂರೋ ನಾಲ್ಕೋ, ಅದೂ ಇಳಿಸುವಾಗ. ಯಜಮಾನರು ಹೇಳಿದ ರೇಟಿನ ಮೇಲೆ 5 ಸಾವಿರ ಸೇರಿಸಿ ಕೊಟ್ಟರು.

ನಾಲ್ಕು ಬ್ಯಾಟರಿಯಲ್ಲಿ ಒಂದು ಈಗ ಸುಸ್ತಾಗಿದೆ. ಮೊದಲಿನ ಅರ್ಧ ಕೆಲಸಕ್ಕೇ ಮಲಗುತ್ತೆ. ಶಿವಮೊಗ್ಗದಲ್ಲಿ ಒಬ್ಬರು ಸೆಲ್ ಬದಲಾಯಿಸಿ ಸ್ಪಾಟ್ ವೆಲ್ಡ್ ಮಾಡಿ ಕೊಡ್ತೀನಿ, ಎರಡೂವರೆ ಸಾವಿರ ಅಂದಿದ್ದಾರೆ. ಒಳಗಿನ ಬೋರ್ಡ್ ಲಾಕ್ ಆದರೆ ಜವಾಬ್ದಾರಿ ನನ್ನದಲ್ಲ ಅಂತಲೂ ಅಂದಿದ್ದಾರೆ. ಅದಿನ್ನೂ ಕೊಟ್ಟಿಲ್ಲ, ಸದ್ಯಕ್ಕೆ ಕೆಂಪು ಟೇಪ್ ಸುತ್ತಿ ಬರೀ ಲೈಟಿಗೆ ಹಾಕ್ತಿದೀನಿ. ಯಾರಾದರೂ ಸೆಲ್ ಬದಲಾಯಿಸಿ ವರ್ಷ ಓಡಿಸಿದವರಿದ್ದರೆ ಯಾವ ಸೆಲ್ ಹಾಕಿದಿರಿ ಅಂತ ಬರೆಯಿರಿ. ಆಗ ಸ್ಕ್ರೂಗೆ ಏನು ಸವರ್ತೀನಿ ಅಂತ ನಾನೂ ಹೇಳ್ತೀನಿ.