ಕೋಡಿಂಗ್ ಬರದವರು ಟ್ರೇಡಿಂಗ್ ಕೋಡ್ ಕಲಿಯುವಾಗ

ಪೈಥಾನ್ (ಕೋಡ್ ಬರೆಯುವ ಒಂದು ಭಾಷೆ) ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಷೇರು ಕೊಳ್ಳುವ, ಮಾರುವ ನಿಮ್ಮ ನಿಯಮವನ್ನು ಕನ್ನಡದಲ್ಲೇ ಹಾಳೆ ಮೇಲೆ ಬರೆಯಿರಿ. 'ಷೇರಿನ 20 ದಿನದ ಸರಾಸರಿ ಬೆಲೆ 50 ದಿನದ ಸರಾಸರಿಯನ್ನು ದಾಟಿದರೆ ಕೊಳ್ಳಬೇಕು, ಕೆಳಗಿಳಿದರೆ ಮಾರಬೇಕು.' ಇಷ್ಟು ಸ್ಪಷ್ಟವಾಗಿ ಬರೆಯಲು ಆಗದಿದ್ದರೆ ಕೋಡ್ ಬರೆಯೋದೂ ಕಷ್ಟ.

ಆಮೇಲೆ ಎಕ್ಸೆಲ್. ಹಳೆಯ ಬೆಲೆಗಳ ಫೈಲ್ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಇಟ್ಟುಕೊಂಡು ಹತ್ತು ವಹಿವಾಟನ್ನಾದರೂ ಕೈಯಲ್ಲೇ ಲೆಕ್ಕ ಹಾಕಿ. ಮುಂದೆ ಪೈಥಾನ್‌ನಲ್ಲಿ ಬಂದ ಉತ್ತರವನ್ನು ಇದಕ್ಕೆ ತಾಳೆ ನೋಡಬಹುದು. ಪೈಥಾನ್‌ನಲ್ಲೂ ಎಲ್ಲಾ ಕಲಿಯಬೇಕಿಲ್ಲ, ಕೋಷ್ಟಕದ ಲೆಕ್ಕಗಳಿಗೆ ಸಿದ್ಧ ಕೋಡ್ ಇರುವ ಪಾಂಡಾಸ್ ಲೈಬ್ರರಿಯಿಂದ ಶುರು ಮಾಡಿದರೆ ಸಾಕು.

ಒಂದು ತಪ್ಪಿನ ಬಗ್ಗೆ ಮಾತ್ರ ತುಂಬಾ ಹುಷಾರಾಗಿರಿ. ಇವತ್ತಿನ ಮುಕ್ತಾಯದ ಬೆಲೆ ಗೊತ್ತಾಗುವುದು ಮಾರುಕಟ್ಟೆ ಮುಚ್ಚಿದ ಮೇಲೆ, ಅಲ್ವಾ? ಆದರೆ ನನ್ನ ಮೊದಲ ಕೋಡ್ ಆ ಬೆಲೆ ನೋಡಿ ಅದೇ ಬೆಳಿಗ್ಗೆ ಕೊಂಡಂತೆ ಲೆಕ್ಕ ಹಾಕಿತ್ತು. ಲಾಭವೋ ಲಾಭ! ಪಾಂಡಾಸ್‌ನ 'ಶಿಫ್ಟ್' ಆಜ್ಞೆ ಬಳಸಿ ಕೊಳ್ಳುವ, ಮಾರುವ ಸೂಚನೆಯನ್ನು ಒಂದು ದಿನ ಮುಂದಕ್ಕೆ ತಳ್ಳಿದೆ, ಅಷ್ಟೂ ಲಾಭ ಮಾಯ. ನಿಜವಾದ ದುಡ್ಡು ಹಾಕುವ ಮೊದಲೇ ಇದು ಗೊತ್ತಾಗಿದ್ದು ದೊಡ್ಡ ಸಮಾಧಾನ.

ಲಾಭದ ಲೆಕ್ಕದಿಂದ ಖರ್ಚನ್ನೂ ಕಳೆಯಿರಿ. ಷೇರು ಡೆಲಿವರಿಯಲ್ಲಿ (ಅದೇ ದಿನ ಮಾರದೆ ಖಾತೆಯಲ್ಲಿ ಇಟ್ಟುಕೊಳ್ಳುವಂತೆ) ಕೊಂಡಾಗ 0.1%, ಮಾರಿದಾಗ 0.1% ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ ಇದೆ. ಬ್ರೋಕರೇಜ್, ಸ್ಟಾಂಪ್ ಶುಲ್ಕ ಬೇರೆ. ವಹಿವಾಟು ಜಾಸ್ತಿ ಆದಷ್ಟೂ ಇದು ಜಾಸ್ತಿ ತಿನ್ನುತ್ತದೆ.