ಲೆಸೋಥೋದ ಹಿತ್ತಲಲ್ಲಿ ಹರಿವೆ

ಯಜಮಾನರಿಗೆ ಮೇಷ್ಟ್ರ ಕೆಲಸ ಸಿಕ್ಕಿ ನಾವು ಆಫ್ರಿಕಾದ ದಕ್ಷಿಣದ ಪುಟ್ಟ ದೇಶ ಲೆಸೋಥೋದ ರೋಮಾ ಕಣಿವೆಗೆ ಬಂದೆವು. ರಾಜಧಾನಿ ಮಸೇರುವಿನಿಂದ ಸುಮಾರು 35 ಕಿ.ಮೀ. ಮಲೆನಾಡಿನ ಸಾಗರದ ಕಡೆಯ ಅಡಿಕೆ ತೋಟದ ಮಣ್ಣಲ್ಲಿ ಬೆಳೆದವಳು ನಾನು. ಇಲ್ಲಿಯ ಹಿತ್ತಲು ನೋಡಿ ಸಂಕಟವಾಯಿತು. ಗುದ್ದಲಿ ಹಾಕಿದಲ್ಲೆಲ್ಲ ಕಲ್ಲು. ಇಡೀ ದೇಶದಲ್ಲಿ 1,400 ಮೀಟರಿಗಿಂತ ತಗ್ಗಿನ ಜಾಗವೇ ಇಲ್ಲ, ಜೂನ್–ಜುಲೈ ಬಂತೆಂದರೆ ಇಲ್ಲಿ ಚಳಿಗಾಲ, ಬೆಳಗಿನ ಇಬ್ಬನಿ ಎಲೆಯ ಮೇಲೇ ಹೆಪ್ಪುಗಟ್ಟುತ್ತದೆ.

ಪಕ್ಕದ ಮನೆಯ ಹಿರಿಯರನ್ನು ಎಲ್ಲರಂತೆ ನಾನೂ 'ಮ್ಮೆ' ಅನ್ನುತ್ತೇನೆ, ಅಮ್ಮ ಅಂತಲೇ ಅರ್ಥ. "ಔಸಿ, ಶನಿವಾರ ಲೆಟ್ಸೆಮಾ ಮಾಡೋಣ" ಅಂದರು. ಔಸಿ ಅಂದರೆ ಅಕ್ಕ-ತಂಗಿ. ಲೆಟ್ಸೆಮಾ ಅಂದರೆ ನಮ್ಮ ಮುಯ್ಯಾಳು: ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಊಟ ಮನೆಯವರದು.

ಆ ಶನಿವಾರ ಏಳು ಜನ ಬಂದರು. ಎರಡು ಮೀಟರ್ ಅಗಲದ ದುಂಡು ಗೆರೆ ಎಳೆದು, ನಡುವೆ ಕಡ್ಡಿ ನೆಟ್ಟು ಹುಲ್ಲು ಸುತ್ತಿ ಬುಟ್ಟಿ ಕಟ್ಟಿದರು. ಬುಟ್ಟಿಯವರೆಗೆ ಹೋಗಿ ನಿಲ್ಲುವುದಕ್ಕೆ ಒಂದು ಕಡೆ ಸಂದು. ಮೇಲಿಂದ ನೋಡಿದರೆ ಬೀಗದ ಕಿಂಡಿಯ ಹಾಗೇ ಕಾಣುತ್ತದೆ, ಕೀಹೋಲ್ ಗಾರ್ಡನ್ ಅನ್ನುವ ಹೆಸರು ಅದರಿಂದಲೇ. ಸುತ್ತ ಸೊಂಟದೆತ್ತರಕ್ಕೆ ಮರಳುಗಲ್ಲಿನ ಗೋಡೆ. ಬಗ್ಗಲಾಗದ ಮುದುಕರೂ ಕಾಯಿಲೆಯವರೂ ನಿಂತೇ ಸೊಪ್ಪು ಕೊಯ್ಯಬಹುದು. ತಳಕ್ಕೆ ತುಕ್ಕು ಹಿಡಿದ ಡಬ್ಬಗಳು, ಅದರ ಮೇಲೆ ಒಣಹುಲ್ಲು, ಸಗಣಿ ಗೊಬ್ಬರ, ಒಲೆಯ ಬೂದಿ, ಮಣ್ಣು. ಮತ್ತೆ ಹುಲ್ಲು, ಗೊಬ್ಬರ, ಮಣ್ಣು. ಬುಟ್ಟಿಗೆ ತರಕಾರಿ ಸಿಪ್ಪೆ, ಅಕ್ಕಚ್ಚು, ಪಾತ್ರೆ ತೊಳೆದ ನೀರು. ನೀರು ಅಲ್ಲಿಂದಲೇ ಮಣ್ಣಿಗೆ ಇಳಿಯಬೇಕು.

ಆದರೆ ಮೊದಲ ತಿಂಗಳು ಗೋಡೆಯಂಚಿನ ಸಸಿಗಳೆಲ್ಲ ಬಾಡಿದವು. ದಿನಾ ಎರಡು ಬಕೆಟ್ ಸುರಿಯುತ್ತಿದ್ದೆ, ಆದರೂ. ಮ್ಮೆ ಬಂದವರು ನೀರಿನ ಮಾತೇ ಎತ್ತಲಿಲ್ಲ. ನನ್ನ ಕೈ ಹಿಡಿದು ಬೆರಳನ್ನು ಬುಟ್ಟಿಯ ಪಕ್ಕ ಊರಿಸಿದರು: ತಣ್ಣಗೆ, ಅಂಟಂಟು. ಗೋಡೆಯ ಪಕ್ಕ ಊರಿಸಿದರು: ಬರೀ ಹುಡಿ. ಕೊನೆಯ ಪದರ ನಾನೊಬ್ಬಳೇ ಹಾಕಿದ್ದು, ಅಂಗಳ ಮಾಡಿದ ಹಾಗೆ ಸಮತಟ್ಟು ಮಾಡಿಬಿಟ್ಟಿದ್ದೆ. ಮಣ್ಣು ಬುಟ್ಟಿಯ ಹತ್ತಿರ ಎತ್ತರವಾಗಿ, ಗೋಡೆಯ ಕಡೆಗೆ ಇಳಿಜಾರಾಗಿರಬೇಕಂತೆ. ಅವತ್ತೇ ಇಬ್ಬರೂ ಸೇರಿ ಇನ್ನೂ ಆರು ಬುಟ್ಟಿ ಮಣ್ಣು ಏರಿಸಿದೆವು. ಈ ತೋಟ ಮಾಡುವವರು ಬೇರೇನು ಮರೆತರೂ ಆ ಇಳಿಜಾರು ಮರೆಯಬೇಡಿ.

ಈಗ ಬೀಟ್‌ರೂಟ್, ಈರುಳ್ಳಿ, ಇವರು ಸ್ಪಿನಾಚ್ ಅನ್ನುವ ಅಗಲ ಎಲೆಯ ಸೊಪ್ಪು ಇವೆ. ಚಳಿಗೆ ರಾತ್ರಿ ಹಳೇ ಗೋಣಿ ಹೊದಿಸುತ್ತೇನೆ. ಮಳೆಗಾಲದಲ್ಲಿ ಮಾತ್ರ ನಾನು ಬಿತ್ತದ ಒಂದು ಸಸಿ ತಾನಾಗಿ ಎದ್ದಿತು. ಕಳೆ ಅಂದುಕೊಂಡು ಕೀಳಹೋದರೆ ಮ್ಮೆ ತಡೆದು "ಥೇಪೆ" ಅಂದರು. ಬಗ್ಗಿ ನೋಡಿದರೆ ಹರಿವೆಯ ಜಾತಿ! ಅವತ್ತು ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿದೆ, ಅವರು ಮೆಕ್ಕೆಜೋಳದ ಹಿಟ್ಟಿನ ಪಾಪಾ ತಂದರು. ನಮ್ಮ ಮುದ್ದೆಯ ಹಾಗೇ ಕೈಯಲ್ಲಿ ಮುರಿದು ತಿಂದೆವು.

ಬರುವ ಶನಿವಾರ ಅವರ ತಂಗಿಯ ಮನೆಯಲ್ಲಿ ಲೆಟ್ಸೆಮಾ. ಕಲ್ಲು ಹೊರುವುದಕ್ಕೆ ನಾನೂ ಹೋಗಬೇಕು.